ಮಣ್ಣಿಗೆ ಕದ ಕೂರಿಸುವ ಜೇಡ



ಜೇಡ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಲೆ. ಮನೆಯ ಸೂರಿನಲ್ಲಿ ಧೂಳು ಹಿಡಿದ ಬಲೆ, ಬೇಲಿಯ ಮೇಲೆ ಇಬ್ಬನಿ ಹೊತ್ತ ಬಲೆ. ಇಂದು ನಾನು ಪರಿಚಯಿಸಹೊರಟಿರುವ ಜೇಡ ಅಂಥ ಬಲೆಯನ್ನು ನೇಯುವುದೇ ಇಲ್ಲ. ನೆಲದಲ್ಲಿ ಕೊಳವೆಯಂಥ ಬಿಲವೊಂದನ್ನು ತೋಡಿ, ಅದರ ಗೋಡೆಗೆ ರೇಷ್ಮೆಯ ಗಿಲಾವು ಬಳಿದು, ಬಾಯಿಗೆ ಕೀಲು ಇರುವ ಒಂದು ಕದವನ್ನು ಕೂರಿಸಿ, ಆ ಕದದ ಹಿಂದೆಯೇ ತನ್ನ ಆಯುಷ್ಯವನ್ನೆಲ್ಲ ಕಳೆಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಟ್ರ್ಯಾಪ್‌ಡೋರ್ ಸ್ಪೈಡರ್ ಎಂದು ಹೆಸರು. ನಾವು ಕದದ ಜೇಡ ಎಂದು ಕರೆಯೋಣ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ಬೇರೆ ಜಿಲ್ಲೆಯವರು ತಮ್ಮ ಊರಿನ ಹೆಸರನ್ನು ಸೇರಿಸಿಕೊಂಡು ಓದಬಹುದು. ಮುಳಬಾಗಿಲು ಎಂಬ ಹೆಸರೇ ಮೂಡಲ ಬಾಗಿಲು ಎಂಬುದರಿಂದ ಬಂದದ್ದು, ಅಂದರೆ ಮೂಡಣ ದಿಕ್ಕಿನ ಹೆಬ್ಬಾಗಿಲು. ಬಾಗಿಲಿನ ಮಾತು ಅಲ್ಲಿಂದಲೇ ಹೊರಡಲಿ.

ಮುಳಬಾಗಿಲಿನ ಕಡೆಯ ಒಂದು ಹಳೆಯ ಹೊಲದ ಬದುವನ್ನು ಕಲ್ಪಿಸಿಕೊಳ್ಳಿ. ಹೊಲವನ್ನು ವರ್ಷವರ್ಷವೂ ಉತ್ತಿದ್ದಾರೆ, ಬದುವಿನ ಮಣ್ಣನ್ನು ಮಾತ್ರ ಯಾರೂ ಮುಟ್ಟಿಲ್ಲ. ಕೆಮ್ಮಣ್ಣು ಗಟ್ಟಿಯಾಗಿ ಕಚ್ಚಿಕೊಂಡಿದೆ. ಅದರ ಮೇಲೆ ಅಲ್ಲಲ್ಲಿ ಹಾವಸೆ, ಒಣಗಿದ ಹುಲ್ಲಿನ ಎಳೆ. ಆ ಇಳಿಜಾರಿನಲ್ಲಿ, ನೆಲದಿಂದ ಮೊಣಕಾಲಿನೆತ್ತರದಲ್ಲಿ, ಒಂದು ನಾಣ್ಯದಷ್ಟು ಅಗಲದ ಮುಚ್ಚಳವಿದೆ. ನೀವು ಒಂದು ಮಾರು ದೂರದಿಂದ ನೋಡಿದರೂ ಅದು ಕಾಣುವುದಿಲ್ಲ, ಒಂದು ಗೇಣು ದೂರದಿಂದ ನೋಡಿದರೂ ಕಾಣದಿರಬಹುದು. ಸುತ್ತಲಿನ ಮಣ್ಣಿನ ಬಣ್ಣವೇ ಅದಕ್ಕೂ ಇದೆ, ಸುತ್ತಲಿನ ಹಾವಸೆಯೇ ಅದರ ಮೇಲೂ ಇದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅರ್ಧಚಂದ್ರದ ಆಕಾರದ ಒಂದು ಸಣ್ಣ ನೆರಳಿನ ಗೆರೆ ಕಂಡರೆ, ಅದೇ ಕದದ ಅಂಚು.

ಈ ಕದವನ್ನು ಜೇಡ ಕಟ್ಟುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಇದರ ದವಡೆಗಳ ಮುಂಭಾಗದಲ್ಲಿ ಗಟ್ಟಿ ಮುಳ್ಳುಗಳ ಒಂದು ಸಾಲಿದೆ. ಕುಂಟೆಯ ಹಲ್ಲುಗಳಂತೆ ಅವು ಮಣ್ಣನ್ನು ಕೆರೆದು ಸಡಿಲಿಸುತ್ತವೆ. ಸಡಿಲವಾದ ಮಣ್ಣನ್ನು ಉಂಡೆ ಮಾಡಿ ಬಿಲದ ಬಾಯಿಗೆ ತಂದು ಹೊರಗೆ ಹಾಕುತ್ತದೆ. ಒಂದು ಗೇಣು, ಕೆಲವೊಮ್ಮೆ ಇನ್ನೂ ಆಳಕ್ಕೆ ಇಳಿಯುವ ಈ ಕೊಳವೆಯ ಗೋಡೆಯನ್ನು ಮೊದಲು ಹಸಿ ಮಣ್ಣಿನಿಂದ ಮೆತ್ತಿ ನಯಗೊಳಿಸಿ, ಆಮೇಲೆ ರೇಷ್ಮೆಯ ಎಳೆಗಳಿಂದ ಒಳಗೆಲ್ಲ ಹಚ್ಚಡ ಹೊದಿಸಿದಂತೆ ಮಾಡುತ್ತದೆ. ಕೊನೆಗೆ ಬಾಯಿಯ ಅಂಚಿನಿಂದ ಹೊರಟು ಮಣ್ಣಿನ ಕಣಗಳನ್ನೂ ರೇಷ್ಮೆಯನ್ನೂ ಪದರಪದರವಾಗಿ ಸೇರಿಸುತ್ತ ಮುಚ್ಚಳವನ್ನು ಬೆಳೆಸುತ್ತದೆ. ಒಂದು ಬದಿಯಲ್ಲಿ ಮಾತ್ರ ರೇಷ್ಮೆಯನ್ನು ದಪ್ಪವಾಗಿ ಉಳಿಸುತ್ತದೆ, ಅದೇ ಕೀಲು. ಇಳಿಜಾರಿನಲ್ಲಿ ಕೀಲು ಸಾಮಾನ್ಯವಾಗಿ ಮೇಲ್ಗಡೆ ಇರುತ್ತದೆ. ಹೀಗಾಗಿ ಜೇಡ ಒಳಗೆ ಸರಿದ ಕೂಡಲೇ ಕದ ತನ್ನ ತೂಕಕ್ಕೆ ತಾನೇ ಬೀಳುತ್ತದೆ. ಚಿಲಕ ಇಲ್ಲವೇ ಎಂದು ಕೇಳುತ್ತೀರಾ? ಜೇಡವೇ ಚಿಲಕ. ಹೊರಗಿನಿಂದ ಯಾರಾದರೂ ಎತ್ತಲು ನೋಡಿದರೆ, ಒಳಗಿನಿಂದ ಕದದ ಅಡಿಭಾಗವನ್ನು ಕಾಲುಗಳಿಂದಲೂ ಹಲ್ಲುಗಳಿಂದಲೂ ಹಿಡಿದು, ಉಳಿದ ಕಾಲುಗಳನ್ನು ಗೋಡೆಗೆ ಒತ್ತಿ, ಬಿಗಿಯಾಗಿ ಜಗ್ಗಿ ನಿಲ್ಲುತ್ತದೆ.

ಜೇಡ ಬೆಳೆದಂತೆ ಮನೆಯೂ ಬೆಳೆಯಬೇಕು. ಅದು ಹಳೆಯ ಬಿಲವನ್ನು ಬಿಟ್ಟು ಹೊಸದನ್ನು ತೋಡುವ ಬದಲು ಇದ್ದುದನ್ನೇ ಅಗಲಿಸುತ್ತದೆ, ಕದಕ್ಕೆ ಅಂಚಿನಲ್ಲಿ ಹೊಸ ಪದರ ಸೇರಿಸುತ್ತದೆ. ದಪ್ಪ ಕದಗಳಲ್ಲಿ ಈ ಪದರಗಳು ಒಂದರ ಮೇಲೊಂದು ಎದ್ದು ಕಾಣುತ್ತವೆ. ಮರದ ಉಂಗುರಗಳ ಹಾಗೆ ವರ್ಷ ಲೆಕ್ಕ ಹಾಕಲು ಬರುವುದಿಲ್ಲ, ಆದರೆ ಮರಿಯಾಗಿದ್ದಾಗಿನ ಗುಂಡುಸೂಜಿಯ ತಲೆಯಷ್ಟು ಕದವೂ ಈಗಿನ ದೊಡ್ಡ ಕದದೊಳಗೆ ಹುದುಗಿಕೊಂಡಿರುತ್ತದೆ.

ರೇಷ್ಮೆ ಎಂದೆ. ಕೋಲಾರದ ಮಕ್ಕಳಿಗೆ ರೇಷ್ಮೆಯ ಬಗ್ಗೆ ನಾನು ಹೇಳಬೇಕಾದದ್ದು ಕಡಿಮೆ. ನಿಮ್ಮಲ್ಲಿ ಎಷ್ಟೋ ಜನ ಹಿಪ್ಪುನೇರಳೆ ಸೊಪ್ಪು ಕೊಯ್ದು, ಚಂದ್ರಿಕೆಯ ಮೇಲೆ ಹಣ್ಣಾದ ಹುಳು ಬಿಟ್ಟು, ಆಮೇಲೆ ಶಾಲೆಗೆ ಬಂದವರು. ರೇಷ್ಮೆಹುಳು ಬಾಯಿಯ ಬಳಿಯಿಂದ ನೂಲು ತೆಗೆಯುತ್ತದೆ, ಗೂಡು ಕಟ್ಟಿ ಮುಗಿದ ಮೇಲೆ ಅದರ ನೂಲುವ ಕೆಲಸವೂ ಮುಗಿಯಿತು. ಜೇಡದ ನೂಲು ಹೊಟ್ಟೆಯ ಹಿಂತುದಿಯಿಂದ ಬರುತ್ತದೆ, ಮತ್ತು ಬದುಕಿರುವಷ್ಟು ಕಾಲವೂ ಬರುತ್ತದೆ. ಕದದ ಜೇಡ ಆ ನೂಲನ್ನು ಬೇಟೆ ಹಿಡಿಯಲು ಬಳಸುವುದಕ್ಕಿಂತ ಮನೆ ಕಟ್ಟಲು ಬಳಸುತ್ತದೆ.

ಬೇಟೆ ನಡೆಯುವುದು ರಾತ್ರಿ. ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಮಾಲೂರು ತಾಲ್ಲೂಕಿನ ಒಂದು ಕೆರೆ ಏರಿಯ ಹಿಂಬದಿಯಲ್ಲಿ ಇದನ್ನು ಚಿತ್ರಿಸಲು ಹೋಗಿತ್ತು. ಜಾಗ ತೋರಿಸಿದವರು ಅಲ್ಲಿ ದನ ಮೇಯಿಸುತ್ತಿದ್ದ ಒಬ್ಬ ಹಿರಿಯರು. “ಅದೇನ್ ಮಹಾ ಸಾರ್, ಮುಚ್ಚಳದ ಹುಳ” ಎಂದು ಹೇಳಿ, ನಮಗೆ ಅರ್ಧ ದಿನ ಹುಡುಕಿದರೂ ಸಿಗದಿದ್ದ ಮೂರು ಬಿಲಗಳನ್ನು ಐದೇ ನಿಮಿಷದಲ್ಲಿ ಕಡ್ಡಿಯ ತುದಿಯಿಂದ ತೋರಿಸಿ ಹೋದರು. ಜೇಡಗಳ ಕಣ್ಣಿಗೆ ಕೆಂಪು ಬೆಳಕು ಅಷ್ಟಾಗಿ ಕಾಣದು ಎಂಬ ಕಾರಣಕ್ಕೆ ದೀಪಕ್ಕೆ ಕೆಂಪು ಹಾಳೆ ಕಟ್ಟಿ, ಮಾತಾಡದೆ ಕುಳಿತೆವು. ಎಂಟು ಗಂಟೆಯ ಹೊತ್ತಿಗೆ ಕದ ಒಂದು ಬತ್ತದ ಕಾಳಿನಷ್ಟು ಎದ್ದಿತು. ಅಂಚಿನಲ್ಲಿ ಮುಂಗಾಲುಗಳ ತುದಿ ಕಾಣಿಸಿತು. ಅಷ್ಟೇ, ಮುಂದಿನ ಎರಡು ಗಂಟೆ ಅದು ಅಲ್ಲಾಡಲಿಲ್ಲ. ಕ್ಯಾಮೆರಾದ ಹುಡುಗ ಕಾಲು ಬದಲಿಸಿದರೆ ಸಾಕು, ಕದ ಟಪ್ಪೆಂದು ಮುಚ್ಚಿಬಿಡುತ್ತಿತ್ತು, ಮತ್ತೆ ಏಳಲು ಅರ್ಧ ಗಂಟೆ. ಅದರ ಎಂಟು ಕಣ್ಣುಗಳಿಗಿಂತ ಕಾಲಿನ ರೋಮಗಳು ಹೆಚ್ಚು ಕೆಲಸ ಮಾಡುತ್ತವೆ. ನೆಲದ ಸಣ್ಣ ಕಂಪನವೂ ಅದಕ್ಕೆ ಸುದ್ದಿ.

ಕೊನೆಗೆ ಒಂದು ಕಪ್ಪು ಜೀರುಂಡೆ ಆ ಕಡೆ ಬಂತು. ಕದದಿಂದ ಎರಡು ಬೆರಳು ದೂರದಲ್ಲಿದ್ದಾಗ ನಡೆದುದನ್ನು ನಾವ್ಯಾರೂ ಕಣ್ಣಿನಿಂದ ನೋಡಲಿಲ್ಲ. ಕದ ಹಾರಿತು, ಮುಚ್ಚಿತು, ಜೀರುಂಡೆ ಇರಲಿಲ್ಲ. ಮರುದಿನ ಚಿತ್ರವನ್ನು ನಿಧಾನಗತಿಯಲ್ಲಿ ಓಡಿಸಿದಾಗ ತಿಳಿಯಿತು: ಜೇಡ ಹೊರಕ್ಕೆ ಎರಗಿದಾಗಲೂ ಅದರ ಹಿಂಗಾಲುಗಳು ಬಿಲದ ಅಂಚನ್ನು ಬಿಟ್ಟಿರಲಿಲ್ಲ. ಊಟಕ್ಕಾಗಿ ಕೂಡ ಅದು ಮನೆಯಿಂದ ಪೂರ್ತಿ ಹೊರಗೆ ಕಾಲಿಡಲಿಲ್ಲ. ಇರುವೆ, ಗೆದ್ದಲು, ಜೀರುಂಡೆ, ಹೀಗೆ ಬಾಗಿಲಿಗೆ ಬಂದದ್ದೇ ಅದರ ಆಹಾರ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ವಿಷಯ. ಮನೆಯ ಮೂಲೆಯ ಜೇಡವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ವಿಷದ ಹಲ್ಲುಗಳು ಇಕ್ಕುಳದಂತೆ ಅಡ್ಡಡ್ಡವಾಗಿ ಕೂಡುತ್ತವೆ. ಕದದ ಜೇಡದ ಹಲ್ಲುಗಳು ಹಾಗಲ್ಲ. ಎರಡೂ ಅಕ್ಕಪಕ್ಕದಲ್ಲಿ ನಿಂತು ಎರಡು ಗುದ್ದಲಿಗಳಂತೆ ಮೇಲಿನಿಂದ ಕೆಳಕ್ಕೆ ಬೀಳುತ್ತವೆ. ಉಸಿರಾಟಕ್ಕೆ ಪುಸ್ತಕದ ಹಾಳೆಗಳಂತೆ ಮಡಿಸಿದ ಶ್ವಾಸಾಂಗಗಳು ಇದಕ್ಕೆ ಎರಡು ಜೊತೆ ಇವೆ. ಬಲೆ ನೇಯುವ ಬಹುಪಾಲು ಜೇಡಗಳಿಗೆ ಒಂದೇ ಜೊತೆ. ಇವು ಹಳೆಯ ಕಾಲದ ಲಕ್ಷಣಗಳು. ಜೇಡಗಳಲ್ಲಿ ಮೈಗಲೋಮಾರ್ಫ್ ಎಂದು ಕರೆಯುವ ಈ ಗುಂಪಿನ ಪಳೆಯುಳಿಕೆಯೊಂದು ಫ್ರಾನ್ಸಿನಲ್ಲಿ ಸಿಕ್ಕಿದೆ, ಅದು ಸುಮಾರು 24 ಕೋಟಿ ವರ್ಷಗಳಷ್ಟು ಹಳೆಯದು. ಡೈನೊಸಾರ್‌ಗಳು ಭೂಮಿಯನ್ನು ಆಳುವುದಕ್ಕೆ ಇನ್ನೂ ಕಾಲವಿತ್ತು.

ನಮ್ಮ ಕಡೆಯ ಕದದ ಜೇಡಗಳಲ್ಲಿ ಹಲವು ಇಡಿಯೋಪಿಡೀ ಎಂಬ ಕುಟುಂಬಕ್ಕೆ, ಅದರಲ್ಲೂ ಇಡಿಯೋಪ್ಸ್ ಎಂಬ ಕುಲಕ್ಕೆ ಸೇರಿದವು. ಈ ಕುಲಕ್ಕೆ ಮೊದಲು ಹೆಸರಿಟ್ಟದ್ದು 1833ರಲ್ಲಿ, ಅದೂ ಬ್ರೆಜಿಲ್ ದೇಶದ ಒಂದು ಜೇಡವನ್ನು ನೋಡಿ. ಬ್ರೆಜಿಲ್ ಎಲ್ಲಿ, ಕೋಲಾರ ಎಲ್ಲಿ! ಬಿಲ ಬಿಟ್ಟು ಕದಲದ ಈ ಪ್ರಾಣಿ ಸಮುದ್ರ ದಾಟಿ ಬಂದೀತೆ? ಈ ಕುಟುಂಬದ ಸದಸ್ಯರು ದಕ್ಷಿಣ ಅಮೆರಿಕ, ಆಫ್ರಿಕ, ಭಾರತ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಹರಡಿದ್ದಾರೆ. ಭೂಗೋಳದ ಪಾಠದಲ್ಲಿ ಗೊಂಡ್ವಾನಾ ಎಂಬ ಪ್ರಾಚೀನ ಮಹಾಖಂಡದ ಬಗ್ಗೆ ಓದಿರುತ್ತೀರಿ. ಒಂದಾಗಿದ್ದ ಆ ನೆಲ ಒಡೆದು ತುಂಡುಗಳು ದೂರ ಸರಿದಾಗ, ಜೇಡಗಳು ತಮ್ಮ ತಮ್ಮ ತುಂಡಿನ ಮೇಲೆ ಕುಳಿತೇ ದೂರವಾದವು ಎಂದು ವಿಜ್ಞಾನಿಗಳು ಇದನ್ನು ವಿವರಿಸುತ್ತಾರೆ. ನಡೆದದ್ದು ನೆಲ, ಜೇಡ ಕುಳಿತಲ್ಲೇ ಇತ್ತು ಎನ್ನಬಹುದು. ಕೋಲಾರದ ಬಂಡೆಗಳು 250 ಕೋಟಿ ವರ್ಷಗಳಿಗೂ ಹಿಂದಿನವು. ಅವುಗಳ ಲೆಕ್ಕದಲ್ಲಿ ಜೇಡವೂ ನಿನ್ನೆ ಮೊನ್ನೆ ಬಂದ ಬಾಡಿಗೆದಾರ.

ಕುಳಿತಲ್ಲೇ ಇರುವುದು ಎಂಬ ಮಾತನ್ನು ಮರೆಯಬೇಡಿ, ಮುಂದೆ ಅದೇ ಮುಖ್ಯವಾಗುತ್ತದೆ. ಹೆಣ್ಣು ಜೇಡ ಬಿಲದೊಳಗೇ ಮೊಟ್ಟೆ ಇಡುತ್ತದೆ, ರೇಷ್ಮೆಯ ಚೀಲ ಮಾಡಿ ಕಾಯುತ್ತದೆ. ಮರಿಗಳು ಕೆಲವು ಕಾಲ ತಾಯಿಯ ಜೊತೆಯಲ್ಲೇ ಇದ್ದು, ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಹೊರಬೀಳುತ್ತವೆ. ಬಹುತೇಕ ಮರಿಗಳು ದೂರ ಹೋಗುವುದಿಲ್ಲ. ತಾಯಿಯ ಕದದಿಂದ ಕೆಲವು ಗೇಣು, ಕೆಲವು ಮಾರು ದೂರದಲ್ಲಿ ತಾವೂ ಪುಟ್ಟ ಬಿಲ ತೋಡಿ, ಕಡಲೆಬೇಳೆಗಿಂತಲೂ ಚಿಕ್ಕ ಕದ ಕೂರಿಸುತ್ತವೆ. ಆದ್ದರಿಂದಲೇ ಇವು ಸಿಕ್ಕರೆ ಒಂದೇ ದಿಣ್ಣೆಯಲ್ಲಿ ಹತ್ತಾರು ಸಿಗುತ್ತವೆ, ಇಲ್ಲವಾದರೆ ಮೈಲಿಗಟ್ಟಲೆ ನಡೆದರೂ ಇಲ್ಲ. ಆ ದಿಣ್ಣೆ ಅವುಗಳ ಊರು.

ಇವು ಎಷ್ಟು ಕಾಲ ಬದುಕುತ್ತವೆ? ಇದಕ್ಕೆ ಉತ್ತರ ಸಿಕ್ಕದ್ದು ಪಶ್ಚಿಮ ಆಸ್ಟ್ರೇಲಿಯದಿಂದ. ಅಲ್ಲಿ ಬಾರ್ಬರಾ ಯಾರ್ಕ್ ಮೈನ್ ಎಂಬ ವಿಜ್ಞಾನಿ 1974ರಲ್ಲಿ ನಾರ್ತ್ ಬಂಗುಲ್ಲಾ ಎಂಬ ಕಾಪಿಟ್ಟ ಕುರುಚಲು ಕಾಡಿನಲ್ಲಿ ಕದದ ಜೇಡಗಳ ಬಿಲಗಳ ಪಕ್ಕದಲ್ಲಿ ಸಂಖ್ಯೆ ಬರೆದ ಗೂಟಗಳನ್ನು ನೆಟ್ಟರು. ಹದಿನಾರನೆಯ ಗೂಟದ ಪಕ್ಕದ ಜೇಡ ಗೈಯಸ್ ವಿಲ್ಲೋಸಸ್ ಎಂಬ ಜಾತಿಯ ಒಂದು ಹೆಣ್ಣು, ನಮ್ಮ ಇಡಿಯೋಪ್ಸ್ ಇರುವ ಕುಟುಂಬದ್ದೇ. ಆಕೆ ವರ್ಷ ವರ್ಷವೂ ಹೋಗಿ ನೋಡಿದರು. ಕದ ಇತ್ತು, ಒಳಗೆ ಜೇಡ ಇತ್ತು. ಕೊನೆಗೆ 2016ರಲ್ಲಿ ಅವರ ನಂತರ ಆ ಕೆಲಸ ಮುಂದುವರಿಸಿದ ಲಿಯಾಂಡ ಮೇಸನ್ ಹೋಗಿ ನೋಡಿದಾಗ ಕದದಲ್ಲಿ ಒಂದು ತೂತು, ಬಿಲ ಹಾಳು. ಪರಾವಲಂಬಿ ಕಣಜವೊಂದು ಕದವನ್ನು ಕೊರೆದು ಒಳಗೆ ಹೊಕ್ಕಿತ್ತು. ಹದಿನಾರನೆಯ ನಂಬರಿನ ಆ ಜೇಡದ ವಯಸ್ಸು 43. ಅಲ್ಲಿಯವರೆಗೆ ಇಷ್ಟು ದೀರ್ಘಕಾಲ ಬದುಕಿದ ಜೇಡ ದಾಖಲಾಗಿರಲಿಲ್ಲ. ಹಿಂದಿನ ದಾಖಲೆ 28 ವರ್ಷದ್ದು. ಬಾರ್ಬರಾ ಮೈನ್ 2019ರಲ್ಲಿ ತೀರಿಕೊಂಡರು.

ನಲವತ್ತಮೂರು ವರ್ಷ ಎಂದರೆ ಎಷ್ಟು ಎಂಬುದನ್ನು ಕೋಲಾರದ ಅಳತೆಯಲ್ಲಿ ನೋಡಿ. ಆ ಜೇಡ ಮರಿಯಾಗಿದ್ದಾಗ ಕೋಲಾರದ ಚಿನ್ನದ ಗಣಿಯಲ್ಲಿ ಕಾರ್ಮಿಕರು ದಿನವೂ ಇಳಿಯುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. 2007ರಲ್ಲಿ ಜಿಲ್ಲೆ ಇಬ್ಭಾಗವಾಗಿ ಚಿಕ್ಕಬಳ್ಳಾಪುರ ಬೇರೆಯಾಯಿತು. ಅಷ್ಟೂ ಕಾಲ ಒಂದೇ ಬಿಲ, ಒಂದೇ ಕದ.

ಕದದ ಮೇಲಿನ ಹಾವಸೆಯ ವಿಚಾರಕ್ಕೆ ಮತ್ತೆ ಬರುತ್ತೇನೆ. ಮರೆಮಾಚಬೇಕೆಂದು ತಿಳಿದು ಜೇಡ ಹಾಗೆ ಮಾಡುತ್ತದೆಯೇ? ಈ ಪ್ರಶ್ನೆಯನ್ನು ಕೇಳಿಕೊಂಡವನು ಜಾನ್ ಟ್ರಹರ್ನ್ ಮೊಗ್ರಿಡ್ಜ್ ಎಂಬ ಇಂಗ್ಲಿಷ್ ಯುವಕ. ಅನಾರೋಗ್ಯದ ಕಾರಣ ಚಳಿಗಾಲಗಳನ್ನು ದಕ್ಷಿಣ ಫ್ರಾನ್ಸಿನ ಮೆಂಟನ್ ಎಂಬಲ್ಲಿ ಕಳೆಯುತ್ತಿದ್ದ ಅವನು, ಹಾಸಿಗೆ ಹಿಡಿಯುವ ಬದಲು ಇರುವೆಗಳನ್ನೂ ಕದದ ಜೇಡಗಳನ್ನೂ ನೋಡುತ್ತ ಓಡಾಡಿದ. 1873ರಲ್ಲಿ ಪುಸ್ತಕ ಬರೆದ, ಮರು ವರ್ಷವೇ 32ರ ವಯಸ್ಸಿನಲ್ಲಿ ತೀರಿಕೊಂಡ. ಅವನು ಒಮ್ಮೆ ಹಾವಸೆ ಬೆಳೆದ ಒಂದು ಕದವನ್ನು ತೆಗೆದು, ಸುತ್ತಲಿನ ನೆಲವನ್ನೂ ಕೆರೆದು ಬೋಳು ಮಾಡಿದ. ಜೇಡ ಹೊಸ ಕದ ಕಟ್ಟಿತು. ಅದರ ಮೇಲೆ ಹೊದಿಸಲು ದೂರದಿಂದ ಹಾವಸೆಯನ್ನು ಹುಡುಕಿ ತಂದಿತು. ಬೋಳು ಮಣ್ಣಿನ ನಡುವೆ ಆ ಹಸಿರು ಕದ ಹಣೆಯ ಬೊಟ್ಟಿನಂತೆ ಎದ್ದು ಕಾಣುತ್ತಿತ್ತು! ಮರೆಮಾಚುವ ಉಪಾಯವೇ ಅದನ್ನು ತೋರಿಸಿಕೊಟ್ಟಿತು. ಹುಟ್ಟುಗುಣ ಎಂದರೇನು ಎಂಬುದಕ್ಕೆ ಪಠ್ಯಪುಸ್ತಕದ ಹತ್ತು ಸಾಲುಗಳಿಗಿಂತ ಇದು ಒಳ್ಳೆಯ ಪಾಠ ಎಂದು ನನ್ನ ಅಭಿಪ್ರಾಯ. ಅವನಿಗೆ ಬೇಕಾದದ್ದು ಒಂದು ಚಾಕು ಮತ್ತು ಬಹಳಷ್ಟು ತಾಳ್ಮೆ.

ಭಾರತದ ಜೇಡಗಳ ಬಗ್ಗೆ ದೊಡ್ಡ ಪುಸ್ತಕ ಬಂದದ್ದು 1900ರಲ್ಲಿ, ಪೊಕಾಕ್ ಎಂಬ ಇಂಗ್ಲಿಷ್ ವಿಜ್ಞಾನಿಯಿಂದ. ಆಮೇಲೆ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿಯೂ ಮದರಾಸಿನ ಮ್ಯೂಸಿಯಮ್ಮಿನಲ್ಲಿಯೂ ಕೆಲಸ ಮಾಡಿದ ಗ್ರೇವ್ಲಿ ಈ ಗುಂಪಿನ ಜೇಡಗಳ ಮೇಲೆ 1915ರಿಂದ 1935ರವರೆಗೆ ಲೇಖನಗಳನ್ನು ಬರೆದರು. ಸ್ವಾತಂತ್ರ್ಯದ ನಂತರ ಟಿಕಾದರ್ ಅವರ ಕೆಲಸ ಪ್ರಸಿದ್ಧ. 2005ರಲ್ಲಿ ಮಂಜು ಸಿಲಿವಾಲ್ ಮತ್ತು ಸಂಗಡಿಗರು ಭಾರತದ ಜೇಡಗಳ ಪಟ್ಟಿ ತಯಾರಿಸಿದಾಗ ಅದರಲ್ಲಿ 1442 ಜಾತಿಗಳಿದ್ದವು. ಅನಂತರವೂ ಪಟ್ಟಿ ಬೆಳೆಯುತ್ತಲೇ ಇದೆ. 2013ರಲ್ಲಿ ನಮ್ಮ ಉತ್ತರ ಕನ್ನಡದಿಂದ ಒಂದು ಹೊಸ ಕದದ ಜೇಡ ಸೇರಿತು. ಅದರ ಹೆಸರು ಇಡಿಯೋಪ್ಸ್ ಜೋಯಿಡಾ. ಹೌದು, ಜೋಯಿಡಾ ತಾಲ್ಲೂಕಿನ ಹೆಸರೇ. ಪ್ರಪಂಚದ ಜೇಡಗಳ ಪಟ್ಟಿಯಲ್ಲಿ ಲ್ಯಾಟಿನ್ ಅಕ್ಷರಗಳಲ್ಲಿ ಒಂದು ಕನ್ನಡ ತಾಲ್ಲೂಕು ಕುಳಿತಿದೆ. ಆ ಪಟ್ಟಿ 2022ರಲ್ಲಿ 50,000 ಜಾತಿಗಳನ್ನು ದಾಟಿತು.

ಘಟ್ಟದ ಕಾಡಿಗೆ ಸಂಶೋಧಕರು ಹೋಗುತ್ತಾರೆ. ಮಳೆ, ಹಸಿರು, ಜಲಪಾತ, ಅಲ್ಲಿ ಹೊಸದು ಸಿಗುತ್ತದೆ ಎಂಬ ನಂಬಿಕೆ ಇದೆ. ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ ಬೀಳುವ ಬಯಲುಸೀಮೆಯ ಬದುವನ್ನು ಬಗ್ಗಿ ನೋಡುವವರು ಕಡಿಮೆ. ಆದರೆ ನೆಲದೊಳಗೆ ಒಂದು ಗೇಣು ಇಳಿದರೆ ಬೇಸಿಗೆಯ ಮಧ್ಯಾಹ್ನವೂ ತಂಪೇ. ಬಿಸಿಲು ಹೆಚ್ಚಾದರೆ ಜೇಡ ಕದವನ್ನು ಒಳಗಿನಿಂದ ರೇಷ್ಮೆಯಿಂದ ಹೊಲಿದುಕೊಂಡು ಮಳೆಗಾಗಿ ಕಾಯುತ್ತದೆ. ಬಯಲುಸೀಮೆಯಲ್ಲಿ ಬದುಕುವ ವಿದ್ಯೆ ಅದಕ್ಕೆ ಗೊತ್ತು.

ಅದಕ್ಕೆ ಗೊತ್ತಿಲ್ಲದ ವಿದ್ಯೆ ಒಂದೇ, ಎದ್ದು ಹೋಗುವುದು. ಕಣಜ ಬಂದರೆ ಕದ ಹಿಡಿದು ನಿಲ್ಲುತ್ತದೆ, ಬರ ಬಂದರೆ ಕದ ಹೊಲಿದುಕೊಳ್ಳುತ್ತದೆ, ಮಣ್ಣೇ ಹೋದರೆ? ಈಗ ನಿಮ್ಮ ತಾಲ್ಲೂಕುಗಳನ್ನು ಒಮ್ಮೆ ನೆನೆಸಿಕೊಳ್ಳಿ. ಮಾಲೂರಿನ ಹೆಂಚು, ಇಟ್ಟಿಗೆ ನಾಡಿನಲ್ಲೆಲ್ಲ ಹೆಸರಾದವು. ಅವು ಮಣ್ಣಿನಿಂದಲೇ ಆಗಬೇಕು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಮರಗಳ ನಡುವಿನ ನೆಲವನ್ನು ಕಳೆ ಹೋಗಲೆಂದು ಉಳುತ್ತಾರೆ. ಕೋಲಾರ, ಮುಳಬಾಗಿಲಿನ ಗುಡ್ಡಗಳಲ್ಲಿ ಕಲ್ಲು ಒಡೆಯುತ್ತಾರೆ, ರಸ್ತೆ ಅಗಲವಾದಾಗ ಹಳೆಯ ಮಣ್ಣಿನ ದಡಗಳು ಒಂದೇ ಬೆಳಗಿನಲ್ಲಿ ಜೆಸಿಬಿಯ ಬಾಯಿಗೆ ಹೋಗುತ್ತವೆ. ಇದರಲ್ಲಿ ಯಾರೂ ಅಪರಾಧಿಗಳಲ್ಲ. ಮನೆಗೆ ಹೆಂಚು ಬೇಕು, ತೋಟಕ್ಕೆ ಉಳುಮೆ ಬೇಕು, ಊರಿಗೆ ರಸ್ತೆ ಬೇಕು. ಆದರೆ ಒಂದು ದಿಣ್ಣೆ ಹೋದರೆ ಅಲ್ಲಿನ ತಾಯಿ, ಮಕ್ಕಳು, ಮೊಮ್ಮಕ್ಕಳು ಎಲ್ಲವೂ ಒಟ್ಟಿಗೆ ಹೋಗುತ್ತವೆ, ಮತ್ತು ಪಕ್ಕದ ದಿಣ್ಣೆಯಿಂದ ನಡೆದು ಬಂದು ಆ ಜಾಗ ತುಂಬುವವರು ಇಲ್ಲ. ಹಕ್ಕಿಗಾದರೆ ಬೇರೆ ಮರವಿದೆ.

ಇದು ಬರಿಯ ಹೆದರಿಕೆಯ ಮಾತು ಎಂದು ತೋರಿದರೆ ನಿಮ್ಮ ಜಿಲ್ಲೆಯದೇ ಇನ್ನೊಂದು ಪ್ರಾಣಿಯ ಕಥೆ ಕೇಳಿ. 1994ರಲ್ಲಿ ವಿಜ್ಞಾನಿಗಳು ವಿವರಿಸಿದ ಒಂದು ಬಾವಲಿ ಕೋಲಾರ ಜಿಲ್ಲೆಯನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲಿಯೂ ಕಂಡಿಲ್ಲ. ಅದರ ಹೆಸರೇ ಕೋಲಾರದ ಎಲೆಮೂಗಿನ ಬಾವಲಿ. ತೇರಹಳ್ಳಿ, ಹನುಮನಹಳ್ಳಿಗಳ ಕಲ್ಲಿನ ಗವಿಗಳು ಅದರ ಮನೆಯಾಗಿದ್ದವು. 2014ರಲ್ಲಿ ಹುಡುಕಿದಾಗ ಉಳಿದದ್ದು ಹನುಮನಹಳ್ಳಿಯ ಗವಿಯಲ್ಲಿ ಇನ್ನೂರಕ್ಕಿಂತ ಕಡಿಮೆ. 2016ರಲ್ಲಿ ಅದು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅತ್ಯಂತ ಅಪಾಯದ ವರ್ಗಕ್ಕೆ ಸೇರಿತು, 2019ರಲ್ಲಿ ಗವಿಗಳ ಸುತ್ತಲಿನ 30 ಎಕರೆಗೆ ರಕ್ಷಣೆ ಸಿಕ್ಕಿತು. ರೆಕ್ಕೆ ಇರುವ ಪ್ರಾಣಿಯ ಪಾಡೇ ಹೀಗೆ. ಆ ಬಾವಲಿಗೆ ಯಾರೋ ಹೆಸರಿಟ್ಟಿದ್ದರು, ಎಣಿಸಿದ್ದರು, ಆದ್ದರಿಂದ ರಕ್ಷಣೆಯ ಮಾತಾದರೂ ಎದ್ದಿತು. ಎಣಿಸದ ಪ್ರಾಣಿಗಾಗಿ ಯಾವ ಕಚೇರಿಗೂ ಅರ್ಜಿ ಹೋಗುವುದಿಲ್ಲ.

ಹಾಗಾದರೆ ನೀವು ಮಾಡಬಹುದಾದ್ದು ಏನು? ನೋಡುವುದು, ಬರೆದಿಡುವುದು. ಯಾರೂ ಉಳದ, ಅಗೆಯದ ಜಾಗಗಳನ್ನು ಹುಡುಕಿ. ಕೆರೆ ಏರಿಯ ಹಿಂಬದಿ, ಗುಂಡುತೋಪಿನ ಅಂಚು, ಬೆಟ್ಟದ ಕಾಲುದಾರಿಯ ಪಕ್ಕದ ದಡ, ದೇವಸ್ಥಾನದ ಹಿಂದಿನ ಹಳೆಯ ದಿಣ್ಣೆ. ಕೋಲಾರದವರಿಗೆ ಅಂತರಗಂಗೆಯ ಬೆಟ್ಟವಿದೆ, ಮುಳಬಾಗಿಲಿನವರಿಗೆ ಆವಣಿ ಇದೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ಅಥವಾ ಸಂಜೆ ಐದರ ಮೇಲೆ ಹೋಗಿ. ಒಬ್ಬೊಬ್ಬರೇ ಹೋಗಬೇಡಿ, ಯಾವ ತೂತಿಗೂ ಬೆರಳು ಹಾಕಬೇಡಿ. ಚೇಳಿಗೂ ಹಾವಿಗೂ ಅದೇ ದಿಣ್ಣೆ ಇಷ್ಟ. ಕದ ಸಿಕ್ಕರೆ ಅದನ್ನು ಎತ್ತಬೇಡಿ. ಕೀಲು ಹರಿದರೆ ಜೇಡ ಮತ್ತೆ ಕಟ್ಟಬಲ್ಲದು, ಆದರೆ ಕಟ್ಟುವವರೆಗೆ ಅದರ ಮನೆ ಕಣಜಕ್ಕೂ ಬಿಸಿಲಿಗೂ ತೆರೆದೇ ಇರುತ್ತದೆ. ಕದದ ಅಗಲವನ್ನು ಸ್ಕೇಲಿನಿಂದ ಅಳೆಯಿರಿ, ಅದು ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿ, ಮಣ್ಣು ಯಾವುದು, ಸುತ್ತ ಒಂದು ಮಾರಿನೊಳಗೆ ಸಣ್ಣ ಕದಗಳು ಎಷ್ಟಿವೆ ಎಣಿಸಿ. ದಿನಾಂಕ ಹಾಕಿ. ಮುಂದಿನ ವರ್ಷ ನಿಮ್ಮ ಕಿರಿಯ ತರಗತಿಯವರನ್ನು ಅದೇ ಜಾಗಕ್ಕೆ ಕರೆದೊಯ್ದು ಮತ್ತೆ ಅಳೆಯಿರಿ. ಮಾತು ಕೇಳಬೇಕಾದವರು ದನ, ಕುರಿ ಮೇಯಿಸುವವರು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಅಲ್ಲಿ ಸಾಲೆಪುರುಗು ಎಂದು ಕೇಳಿದರೆ ಬೇಗ ಅರ್ಥವಾಗುತ್ತದೆ.

ಕೊನೆಯದಾಗಿ ಗಂಡು ಜೇಡದ ಮಾತು ಉಳಿದಿದೆ. ಹೆಣ್ಣುಗಳೆಲ್ಲ ನೋಡಲು ಹೆಚ್ಚುಕಡಿಮೆ ಒಂದೇ. ಜಾತಿಯನ್ನು ಖಚಿತವಾಗಿ ಹೇಳಲು ಗಂಡಿನ ಮುಖದ ಬಳಿಯ ಪುಟ್ಟ ಸ್ಪರ್ಶಾಂಗಗಳ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಬಹಳ ಸಹಾಯಕ. ಆದರೆ ಗಂಡು ಸಿಗುವುದು ಅಪರೂಪ. ಕೆಲವು ವರ್ಷ ಬಿಲದಲ್ಲಿ ಬೆಳೆದು ಪ್ರಾಯಕ್ಕೆ ಬಂದ ಗಂಡು, ಒಂದು ಮಳೆಯ ರಾತ್ರಿ ತನ್ನ ಕದವನ್ನು ಶಾಶ್ವತವಾಗಿ ಬಿಟ್ಟು ಹೆಣ್ಣನ್ನು ಹುಡುಕಿಕೊಂಡು ಹೊರಡುತ್ತದೆ. ಆಮೇಲೆ ಅದಕ್ಕೆ ಹೆಚ್ಚು ದಿನ ಆಯುಸ್ಸಿಲ್ಲ. ದೀಪಕ್ಕೆ ರೆಕ್ಕೆಯ ಗೆದ್ದಲು ಮುತ್ತುವಂಥ ಸಂಜೆಗಳ ಮರುದಿನ ಬೆಳಿಗ್ಗೆ ಹಾಸ್ಟೆಲಿನ ನೀರಿನ ತೊಟ್ಟಿಯಲ್ಲೋ ಬಚ್ಚಲಿನ ಬಕೆಟ್ಟಿನಲ್ಲೋ ಗಟ್ಟಿ ಮೈಯ, ಉದ್ದ ಕಾಲಿನ, ಕಪ್ಪು ಅಥವಾ ಕಂದು ಬಣ್ಣದ ಜೇಡವೊಂದು ಸತ್ತು ತೇಲುತ್ತಿದ್ದರೆ ಅದನ್ನು ಚೆಲ್ಲಬೇಡಿ. ಇಕ್ಕಳದಿಂದ ತೆಗೆದು ಒಂದು ಸಣ್ಣ ಶೀಶೆಗೆ ಹಾಕಿ, ಮುಳುಗುವಷ್ಟು ಸ್ಪಿರಿಟ್ ಹಾಕಿ, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಡಿ. ಶೀಶೆಯೊಳಗೆ ಒಂದು ಚೀಟಿ ಇರಲಿ: ಊರು, ತಾಲ್ಲೂಕು, ದಿನಾಂಕ, ಸಿಕ್ಕಿದ ಜಾಗ, ಹಿಂದಿನ ರಾತ್ರಿ ಮಳೆ ಬಂದಿತ್ತೇ ಇಲ್ಲವೇ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ.